ಗೌರಾಳ ಸಪ್ಪಳ

ಆಗ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನಾವು ಊರಿಗೆ ಹೊರಟದ್ದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಅಪ್ಪ ಕೀಲಿ ತಿರುವುತ್ತಿದ್ದಂತೆ ನಮ್ಮ ಬಿಳಿ ಕಾರು ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು, ಮತ್ತೆ ಕೆಮ್ಮುತ್ತಿತ್ತು, ಕೊನೆಗೆ ಗಡಗಡನೆ ಎದ್ದಾಗ ಎದುರು ಮನೆಯ ಮಾಡಿನ ತಗಡು, ಆ ಪತ್ರಾಸು ಕೂಡ ಸಣ್ಣಗೆ ನಡುಗುತ್ತಿತ್ತು. ಓಣಿಯ ಹೆಂಗಸರು ಬಾಗಿಲಿಗೆ ಬಂದು ಯಾವ ಊರಿಗೆ ಸವಾರಿ ಎಂದು ಕೇಳುತ್ತಿದ್ದರು. ಅವ್ವ ಉತ್ತರ ಕೊಡುವ ಹೊತ್ತಿಗೆ ಕಾರು ಮತ್ತೆ ನಿಂತಿರುತ್ತಿತ್ತು. ಆಗ ಅದೇ ಹೆಂಗಸರು ಸೆರಗು ಸಿಕ್ಕಿಸಿಕೊಂಡು ದಬ್ಬಲು ಬರುತ್ತಿದ್ದರು. ನಿಮ್ಮ ಮನೆಯಲ್ಲೂ ಅಂಥದೊಂದು ಗಾಡಿ ಇತ್ತೆಂದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಅಪ್ಪನದು ಬೆಲ್ಲದ ಅಂಗಡಿ. ಹುಮನಾಬಾದಿನ ಪೇಟೆಯಿಂದ ಬೆಲ್ಲದ ಪೆಂಟಿಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬರುತ್ತಿದ್ದ. ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಹರಿದೂ ಹರಿದೂ ಡಿಕ್ಕಿಯ ತಳ ತುಕ್ಕು ಹಿಡಿದು ತೂತಾಗಿತ್ತು. ಕಾರಿನಲ್ಲಿ ನಮಗಿಂತ ಇರುವೆಗಳೇ ಹೆಚ್ಚು ಪ್ರಯಾಣ ಮಾಡುತ್ತಿದ್ದವು. ನಾನು ಕಾಲು ಮೇಲೆತ್ತಿಕೊಂಡು ಕೂತು, ಸೀಟಿನ ಸಂದಿಗೆ ಬೆರಳು ಹಾಕಿ ಸಿಕ್ಕ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಬೆಲ್ಲ, ಪೆಟ್ರೋಲು, ಬಿಸಿಲಿಗೆ ಕಾದ ಸೀಟು, ಈ ಮೂರೂ ಕೂಡಿದ ಆ ವಾಸನೆ ನನಗೆ ಈಗಲೂ ಅಡುಗೆಮನೆಯಲ್ಲಿ ಬೆಲ್ಲ ಕುಟ್ಟುವಾಗ ಬರುತ್ತದೆ. ಪೆಟ್ರೋಲಿನ ಡಬ್ಬಿ ಎಲ್ಲಿಟ್ಟಿರಿ ಎಂದು ಕೇಳಿ ಮನೆಯವರಿಂದ ಬೈಸಿಕೊಂಡಿದ್ದೇನೆ.

ಕಾರು ಮನೆಗೆ ಬಂದದ್ದು ನಾನು ಹುಟ್ಟುವ ಮೊದಲು. ಬರುವಾಗಲೇ ಅದು ಇನ್ನೊಬ್ಬರ ಕೈಯಲ್ಲಿ ಓಡಿ ಹಳತಾಗಿತ್ತಂತೆ. ಅಪ್ಪನ ತಾಯಿ, ನಮ್ಮ ಆಯಿಗೆ, ಹೆಣ್ಣುಮಕ್ಕಳಿರಲಿಲ್ಲ. ಅಪ್ಪ ಮತ್ತು ಕಾಕಾ ಇಬ್ಬರೇ. ಬೇರೆಯವರು ಗಾಡಿಗೆ ನಿಂಬೆಹಣ್ಣು ಕಟ್ಟಿ ಕಾಯಿ ಒಡೆದು ಮುಗಿಸುತ್ತಾರೆ, ಆಯಿಗೆ ಅಷ್ಟು ಸಾಲಲಿಲ್ಲ. ಮನೆಗೆ ಹೆಣ್ಣು ಬಂತು ಎಂದು ಮುಂದಿನ ಸೀಟಿನ ಮೇಲೆ ಹಸಿರು ಖಣ ಹಾಸಿ, ಅಕ್ಕಿ, ಉತ್ತತ್ತಿ, ಅರಿಶಿನ ಬೇರು, ಕೊಬ್ಬರಿ ಬಟ್ಟಲು ಇಟ್ಟು, ತವರಿಗೆ ಬಂದ ಮಗಳಿಗೆ ತುಂಬುವ ಹಾಗೆಯೇ ಕಾರಿಗೆ ಉಡಿ ತುಂಬಿದಳು. ಗೌರಾ ಎಂದು ಹೆಸರಿಟ್ಟಳು. ಆಮೇಲೆ ಪ್ರತಿ ವರ್ಷ ನಾಗರ ಪಂಚಮಿಗೆ ಉಡಿ ತುಂಬುವುದು ನಡೆದೇ ಇತ್ತು. ತವರಿಗೆ ಬಂದಾಕಿ ಗಂಡನ ಮನೆಗೆ ಹೋಗುವ ಮಾತೇ ಆಡುವುದಿಲ್ಲವಲ್ಲ ಎಂದು ಕಾಕಾ ಕಾಡಿಸುತ್ತಿದ್ದ.

ಗೌರಾ ಎಂಥ ಕಾಟ ಕೊಟ್ಟರೂ ಒಂದು ಕೆಲಸ ಮಾತ್ರ ತಪ್ಪಿಸಿರಲಿಲ್ಲ. ಪಂಚಮಿಗೆ ಆಯಿಯನ್ನು ಅವಳ ತವರು ಕೊಡಂಬಲಕ್ಕೆ ಮುಟ್ಟಿಸುತ್ತಿದ್ದಳು. ಅಲ್ಲಿ ಆಯಿಯ ತಮ್ಮ, ನಮ್ಮ ಶಿವಪ್ಪ ಮುತ್ಯಾ ಇದ್ದ. ಮೊದಲೆಲ್ಲ ಅಕ್ಕನನ್ನು ಕರೆಯಲು ಅವನೇ ಬಸ್ಸು ಹಿಡಿದು ಬರುತ್ತಿದ್ದ. ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ನೂ ಕೈಗೂಡದೆ ಹೋದ ಮೇಲೆ ಬರುವುದು ನಿಂತಿತು. ಆದರೆ ನಾವು ಊರ ಹೊರಗಿನ ಸೇತುವೆ ದಾಟುತ್ತಿದ್ದಂತೆ ಅವನಿಗೆ ಕಾರಿನ ಸಪ್ಪಳ ಕೇಳುತ್ತಿತ್ತು. ಅಕ್ಕ ಬಂದಳು, ಚಹಾಕ್ಕಿಡು ಎಂದು ಸೊಸೆಗೆ ಕೂಗುತ್ತಿದ್ದ. ನಾವು ಬಾಗಿಲಿಗೆ ಬರುವಾಗ ಚಹಾ ಕುದಿಯುತ್ತಿತ್ತು. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ತಿಂದು, ಬೇವಿನ ಮರದ ಜೋಕಾಲಿಗೆ ನಾವು ಮಕ್ಕಳೆಲ್ಲ ಗುದ್ದಾಡುವಾಗ ಮುತ್ಯಾ ನಮ್ಮನ್ನು ಗದರಿಸಿ ಇಳಿಸುತ್ತಿದ್ದ. ತಲೆ ಪೂರಾ ಬೆಳ್ಳಗಾಗಿದ್ದ ಆಯಿಯನ್ನು ಕೂಡಿಸಿ, ಹಗ್ಗ ಎಲ್ಲಿದೆ ಎಂದು ಕೈಯಿಂದ ತಡವಿಕೊಂಡು, ತಾನೇ ಜೀಕುತ್ತಿದ್ದ. ಆಯಿ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು. ಹಾಗೆ ನಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಮ್ಮೆ ಅಪ್ಪ ಸೈಲೆನ್ಸರ್ ಬದಲಿಸುವ ಮಾತು ತೆಗೆದಾಗ ಮುತ್ಯಾ ಅವನ ಕೈ ಹಿಡಿದುಕೊಂಡ. "ಬಾಕಿ ಏನರೆ ಮಾಡ್ಸಪಾ. ಆ ಸಪ್ಪಳ ಒಂದ್ ತಗೀಬ್ಯಾಡ. ಕಣ್ಣು ಹೋಗ್ಯಾವ, ಅಕ್ಕ ಬಂದಿದ್ದು ನನಗ ಹ್ಯಾಂಗ ತಿಳೀಬೇಕು?" ಅಪ್ಪ ಸೈಲೆನ್ಸರಿನ ಗೊಡವೆಗೆ ಹೋಗಲಿಲ್ಲ.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಗೌರಾ ನಮ್ಮ ಮನೆಗಿಂತ ಹುಮನಾಬಾದಿನ ರಸೂಲ್ ಮಿಸ್ತ್ರಿಯ ಗ್ಯಾರೇಜಿನಲ್ಲೇ ಹೆಚ್ಚು ದಿನ ಇದ್ದಳು. ಮಿಸ್ತ್ರಿ ಒಳ್ಳೆಯ ಮನುಷ್ಯ. ಪ್ರತಿ ಸಲ ಕೈ ಒರೆಸಿಕೊಳ್ಳುತ್ತ, ಇನ್ನ ಚಿಂತಿ ಬ್ಯಾಡ್ರಿ ಸಾವ್ಕಾರ, ಬಿಂದಾಸ್ ಹೋಗ್ರಿ ಎನ್ನುತ್ತಿದ್ದ. ನಾವು ರಾಜೇಶ್ವರದವರೆಗೆ ಬಿಂದಾಸ್ ಬರುತ್ತಿದ್ದೆವು. ಅಲ್ಲಿ ಬಾನೆಟ್ಟಿನಿಂದ ಹೊಗೆ ಏಳುತ್ತಿತ್ತು. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕಿ ಎಂದು ಮಿಸ್ತ್ರಿಯೇ ಕಲಿಸಿಕೊಟ್ಟಿದ್ದ. ಅರಿಶಿನ ಹೋಗಿ ಸಣ್ಣ ತೂತನ್ನು ಮುಚ್ಚುತ್ತದಂತೆ. ಆಯಿಗೆ ಇದು ಬಹಳ ಮನಸ್ಸಿಗೆ ಬಂದಿತ್ತು. ಹೆಣ್ಣುಮಗಳು, ಅರಿಶಿನ ಬೇಡುತ್ತಾಳೆ ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಪಲ್ಯಕ್ಕಿಂತ ಕಾರಿಗೇ ಹೆಚ್ಚು ಅರಿಶಿನ ಹೋಗುತ್ತಿತ್ತು.

ಆ ಆಷಾಢದಲ್ಲಿ ಕಾಕಾ ಹುಮನಾಬಾದಿನಲ್ಲಿ ಒಬ್ಬ ಏಜೆಂಟನನ್ನು ಗೊತ್ತು ಮಾಡಿಕೊಂಡು ಬಂದ. ಹಳೆಯದನ್ನು ಅವನಿಗೆ ಕೊಟ್ಟರೆ ಅದರ ಬೆಲೆ ಮುರಿದುಕೊಂಡು ಹೊಸ ಸಣ್ಣ ಕಾರು ಕೊಡಿಸುತ್ತಾನೆ, ಹಳೆಯದು ಕೊಡದಿದ್ದರೆ ನಮ್ಮ ಕೈಗೆ ನಿಲುಕುವುದಿಲ್ಲ ಎಂದು ಊಟದ ಹೊತ್ತಿಗೆ ಮಾತೆತ್ತಿದ. ಅವ್ವನದು ಹೊಸದಕ್ಕೇ ಓಟು. ಬೀಗರ ಮದುವೆಗೆ ಹೋಗುವಾಗ ರೇಷ್ಮೆ ಸೀರೆಯಲ್ಲಿ ಕಾರು ದಬ್ಬಿ ಮುಖಕ್ಕೆಲ್ಲ ಮಸಿ ಬಳಿದುಕೊಂಡದ್ದನ್ನು ಅವಳು ಮರೆತಿರಲಿಲ್ಲ. ಅಪ್ಪ ತಟ್ಟೆ ನೋಡುತ್ತ ಕೂತಿದ್ದ. ರಿಪೇರಿ ಮಾಡಿಸಿ ಮಾಡಿಸಿ ಅವನಿಗೂ ಸಾಕಾಗಿತ್ತು. ಆದರೆ ಅವನ ಕಣ್ಣು ಆಯಿಯ ಕಡೆಗೇ ಹೋಗುತ್ತಿತ್ತು.

ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. "ಉಡಿ ತುಂಬಿದ ಮಗಳನ್ನ ರೊಕ್ಕಕ್ಕ ಕೊಡತಾರೇನೋ?"

ಕಾಕಾ ನಕ್ಕ, ಆಮೇಲೆ ಆಯಿ ನಗದಿದ್ದುದನ್ನು ನೋಡಿ ರೊಟ್ಟಿ ಮುರಿಯತೊಡಗಿದ. ಅವ್ವ ಎದ್ದು ಒಳಗೆ ಹೋದಳು. ಕೊನೆಗೆ ಆಯಿಯೇ ಒಂದು ದಾರಿ ಕೊಟ್ಟಳು. ಪಂಚಮಿ ಮುಗಿಯಲಿ, ಇದೊಂದು ಸಲ ಗೌರಾಳಲ್ಲಿ ತವರಿಗೆ ಹೋಗಿ ಬರುತ್ತೇನೆ, ಆಮೇಲೆ ನಿಮಗೆ ತಿಳಿದಂತೆ ಮಾಡಿರಿ ಎಂದಳು. ಅಪ್ಪನಿಗೆ ಅಷ್ಟೇ ಬೇಕಾಗಿತ್ತು. ಏಜೆಂಟನಿಗೆ ತಡೆಯಲು ಹೇಳಿ, ಇಂಜಿನ್ ಕೆಲಸಕ್ಕೆ ಮತ್ತೊಮ್ಮೆ ಕಾರನ್ನು ಮಿಸ್ತ್ರಿಗೆ ಒಪ್ಪಿಸಿದ.

ಪಂಚಮಿಗೆ ಸ್ವಲ್ಪ ಮೊದಲು ಕೊಡಂಬಲದಿಂದ ಫೋನು ಬಂತು. ಮುತ್ಯಾ ಜ್ವರ ಬಂದು ಮಲಗಿದ್ದಾನೆ, ವೈದ್ಯರು ಕೈಚೆಲ್ಲಿದ್ದಾರೆ, ಅಕ್ಕ ಯಾವಾಗ ಬರುತ್ತಾಳೆ ಎಂದು ಒಂದೇ ಸಮನೆ ಕೇಳುತ್ತಿದ್ದಾನೆ ಎಂದು ಅವನ ಸೊಸೆ ಹೇಳಿದಳು. ಆಯಿ ಅಳಲಿಲ್ಲ, ಗೌರಾ ಬರಲಿ ಎಂದಳು. ಕೂತು ಉಂಡಿ ಕಟ್ಟಿದಳು, ಅವನಿಗೆ ಸೇರುವ ಎಳ್ಳುಂಡಿಯನ್ನೇ ಹೆಚ್ಚು ಕಟ್ಟಿದಳು. ಗೌರಾ ಗ್ಯಾರೇಜಿನಿಂದ ಬಂದ ಮರುದಿನವೇ, ಪಂಚಮಿಯ ಬೆಳಿಗ್ಗೆ, ಕಾರಿಗೆ ಉಡಿ ತುಂಬಿ ಹಾಲಿನ ತಂಬಿಗೆ ಹಿಡಿದು ಮುಂದಿನ ಸೀಟಿನಲ್ಲಿ ಖಣದ ಪಕ್ಕ ಕೂತಳು. ನಾನು, ಅವ್ವ ಹಿಂದೆ. ಜಿಟಿಜಿಟಿ ಮಳೆ ಹಿಡಿದಿತ್ತು. ಕಾರು ಒಂದೇ ಏಟಿಗೆ ಚಾಲೂ ಆಯಿತು. ಅಪ್ಪ ತಿರುಗಿ ನಮ್ಮನ್ನು ನೋಡಿ ನಕ್ಕ.

ರಾಜೇಶ್ವರ ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಬೆಂದ ಅರಿಶಿನದ ವಾಸನೆ ಬಂತು. ಬಾನೆಟ್ಟಿನಿಂದ ಹೊಗೆ ಎದ್ದಿತು. ಕಾರು ಪಕ್ಕಕ್ಕೆ ಸರಿದು ನಿಂತಿತು. ನಮಗೆ ಅದೇನು ಹೊಸದಲ್ಲ. ಅಪ್ಪ ಆರಲು ಬಿಟ್ಟು ನೀರು ಹಾಕಿದ, ಆಯಿ ಪೂಜೆಯ ಅರಿಶಿನ ಕೊಟ್ಟಳು. ಏನೂ ಉಪಯೋಗವಾಗಲಿಲ್ಲ. ಹುಮನಾಬಾದಿನ ಬಸ್ಸೊಂದು ಬಂದಾಗ ಅಪ್ಪ, ನೀವು ಇದರಲ್ಲಿ ಹೋಗಿಬಿಡಿ, ಅಲ್ಲಿಂದ ಕೊಡಂಬಲಕ್ಕೆ ಏನಾದರೂ ಸಿಗುತ್ತದೆ ಎಂದ. ಆಯಿ ಬೇಡವೆಂದಳು.

"ಅಂವ ಸಪ್ಪಳಕ್ಕ ಕಿವಿ ಇಟ್ಟು ಮಲಗಿರ್ತಾನ. ಮಿಸ್ತ್ರಿಗಿ ಕರ್ಕೊಂಡ್ ಬಾ, ಒಂದ್ ತಾಸಿನ್ಯಾಗ ಆಗ್ತಾದ."

ನಮಗೆಲ್ಲರಿಗೂ ಹಾಗೆಯೇ ಅನ್ನಿಸಿತ್ತು. ಯಾವಾಗಲೂ ಒಂದು ತಾಸಿನಲ್ಲಿ ಆಗುತ್ತಿತ್ತು. ಅಪ್ಪ ಅದೇ ಬಸ್ಸು ಹತ್ತಿ ಹೋದ. ಹಬ್ಬದ ದಿನ, ಮಿಸ್ತ್ರಿ ಬೇರೆ ಯಾವುದೋ ಊರಿನಲ್ಲಿ ಗಾಡಿ ನೋಡಲು ಹೋಗಿದ್ದನಂತೆ. ಅಪ್ಪ ಅವನನ್ನು ಹುಡುಕಿ ಕರೆತರುವಾಗ ಹೊತ್ತು ಬಹಳ ಇಳಿದಿತ್ತು. ಅಷ್ಟರಲ್ಲಿ ನಾವು ಉಂಡಿ ತಿಂದಿದ್ದೆವು, ನಾನು ಸೀಟಿನ ಮೇಲೆ ಮಲಗಿ ಎದ್ದಿದ್ದೆ. ಆಯಿ ರಸ್ತೆಯ ಪಕ್ಕದ ಹೊಲದ ಬದುವಿನಲ್ಲಿ ಒಂದು ಹುತ್ತ ಕಂಡು ತಂಬಿಗೆ ಹಿಡಿದು ಹೋದಳು. ಅವ್ವ ಅವಳ ಮೇಲೆ ಕೊಡೆ ಹಿಡಿದಳು. ದೇವರ ಪಾಲು, ಹಿರಿಯರ ಪಾಲು, ಮಕ್ಕಳ ಪಾಲು ಎಂದು ಒಬ್ಬೊಬ್ಬರ ಹೆಸರಿಗೆ ಹಾಲೆರೆಯುವುದು ಪದ್ಧತಿ. ಆಯಿ ಒಂದೊಂದೇ ಬಟ್ಟಲು ಎರೆದು, ಕೊನೆಗೆ "ತಮ್ಮನ ಪಾಲು" ಎಂದು ತಂಬಿಗೆಯನ್ನೇ ಬರಿದು ಮಾಡಿದಳು.

ಮಿಸ್ತ್ರಿ ಬಾನೆಟ್ ಎತ್ತಿ ನೋಡಿದ. ಬಹಳ ಹೊತ್ತು ತಲೆ ಎತ್ತಲಿಲ್ಲ. ಎದ್ದಾಗ ಅವನು ಆಯಿಯ ಮುಖ ನೋಡದೆ, ಇಂಜಿನ್ ಜಾಮ್ ಆಗ್ಯಾದ ಅಮ್ಮಾ, ಇಲ್ಲಿ ಆಗೋದಲ್ಲ ಎಂದ. ಅಪ್ಪ ಸ್ಟಿಯರಿಂಗ್ ಹಿಡಿದು ಕೂತುಬಿಟ್ಟ. ದೊಡ್ಡವರಿಗೂ ಏನು ಮಾಡಬೇಕೆಂದು ತಿಳಿಯದ ಹೊತ್ತು ಇರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಹೆದರಿ ಅವ್ವನ ಸೆರಗು ಹಿಡಿದುಕೊಂಡೆ. ಕೊನೆಗೆ ಮಿಸ್ತ್ರಿಯೇ ಪರಿಚಯದವರ ಒಂದು ಹೊಸ ಜೀಪು ನಿಲ್ಲಿಸಿ ನಮ್ಮನ್ನು ಹತ್ತಿಸಿದ. ಗೌರಾಳನ್ನು ಅಲ್ಲೇ ಬಿಟ್ಟು ಹೊರಟೆವು. ಸೀಟಿನ ಮೇಲೆ ಹಸಿರು ಖಣ ಹಾಗೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಕೊಡಂಬಲದ ಸೇತುವೆ ದಾಟಿದೆವು. ಜೀಪು ಹೂವಿನಷ್ಟು ಮೆತ್ತಗೆ ಹೋಗಿ ಬಾಗಿಲ ಮುಂದೆ ನಿಂತಿತು. ಒಳಗಿನಿಂದ ಯಾರೂ ಕೂಗಲಿಲ್ಲ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಮುತ್ಯಾ ಮಲಗಿದ್ದಲ್ಲಿಂದಲೇ ಹಟ ಮಾಡಿ ಕಟ್ಟಿಸಿದ್ದನಂತೆ. ಮಧ್ಯಾಹ್ನದವರೆಗೆ ಸರಿಯಾಗಿಯೇ ಮಾತಾಡುತ್ತಿದ್ದ, ಗಾಡಿ ಸಪ್ಪಳ ಬಂತೇನು ನೋಡು ಎಂದು ಕೇಳುತ್ತಿದ್ದ, ಆಮೇಲೆ ಜ್ವರ ತಲೆಗೇರಿತು ಎಂದು ಸೊಸೆ ಹೇಳಿದಳು. ಆಯಿ ಹಾಸಿಗೆಯ ಪಕ್ಕ ಕೂತು ಅವನ ಕೈ ತೆಗೆದುಕೊಂಡಳು.

"ತಮ್ಮಾ, ನಾ ಬಂದೀನಿ."

ಮುತ್ಯಾ ಬಾಗಿಲ ಕಡೆಗೆ ಕಿವಿ ತಿರುವಿ ಸ್ವಲ್ಪ ಹೊತ್ತು ಕೇಳಿಸಿಕೊಂಡ. "ನೀ ಯಾರವ್ವಾ? ನಮ್ಮಕ್ಕನ ಗಾಡಿ ಇನ್ನ ಬಂದಿಲ್ಲ."

ಆಯಿ ತನ್ನ ಹೆಸರು ಹೇಳಿದಳು, ತಮ್ಮಿಬ್ಬರ ಸತ್ತುಹೋದ ಅವ್ವ ಅಪ್ಪನ ಹೆಸರು ಹೇಳಿದಳು, ಸಣ್ಣವರಿದ್ದಾಗ ಇಬ್ಬರೂ ಕೂಡಿ ಬಿದ್ದ ಬಾವಿಯ ಹೆಸರು ಹೇಳಿದಳು. ಅವನು ಎಲ್ಲಕ್ಕೂ ಹೌದವ್ವಾ, ಹೌದವ್ವಾ ಎಂದ. ಅಕ್ಕ ಬರಲಿ, ಆಮೇಲೆ ಚಹಾಕ್ಕಿಡೋಣ ಎಂದ. ಎಳ್ಳುಂಡಿ ಕೈಯಲ್ಲಿಟ್ಟರೆ, ಇದು ಅಕ್ಕನಿಗಿರಲಿ ಎಂದು ದಿಂಬಿನ ಕೆಳಗೆ ಇಟ್ಟುಕೊಂಡ. ಬೆಳಕು ಹರಿಯುವ ಮೊದಲು ಹೋಗಿಬಿಟ್ಟ.

ಹುಮನಾಬಾದಿಗೆ ಎಳೆದು ತಂದಿದ್ದ ಗೌರಾಳನ್ನು ಕೊಡುವ ಮಾತನ್ನು ಈ ಸಲ ಆಯಿಯೇ ತೆಗೆದಳು. ಗ್ಯಾರೇಜಿಗೆ ಹೋಗಿ ಕೊನೆಯದಾಗಿ ಉಡಿ ತುಂಬಿ ಬಂದಳು. ಅದಕ್ಕೆ ಅಪ್ಪ ರೊಕ್ಕ ತೆಗೆದುಕೊಂಡನೋ ಇಲ್ಲವೋ ಆಯಿ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಹೊಸ ಕಾರು ಬಂತು. ಅದಕ್ಕೆ ಅವ್ವ ನಿಂಬೆಹಣ್ಣು ಕಟ್ಟಿದಳು. ಆಯಿ ಅದರಲ್ಲಿ ಆಸ್ಪತ್ರೆಗೆ ಹೋದಳು, ಮದುವೆಗಳಿಗೆ ಹೋದಳು, ಅದಕ್ಕೆ ಹೆಸರಿಡಲಿಲ್ಲ. ಪಂಚಮಿಗೆ ಎಲ್ಲಿಗೂ ಹೋಗಲಿಲ್ಲ. ಅಪ್ಪ ಎಷ್ಟೋ ವರ್ಷ ಊಟದ ನಡುವೆ ಒಮ್ಮೆಲೇ ಕೈ ನಿಲ್ಲಿಸಿ, ಹೊಸದು ಮೊದಲೇ ತಗೊಂಡಿದ್ದರೆ ಹೊತ್ತಿಗೆ ಮುಟ್ಟುತ್ತಿದ್ದೆವು ಎನ್ನುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ತಾನೇ, ಮುಟ್ಟಿದ್ದರೂ ಆ ಸಪ್ಪಳ ಎಲ್ಲಿಂದ ತರುವುದಿತ್ತು ಎನ್ನುತ್ತಿದ್ದ. 

ಈಗ ನಾನು ಹುಮನಾಬಾದಿನಲ್ಲಿ ಸಂಸಾರ ಹೂಡಿದ್ದೇನೆ. ನಮ್ಮ ಕಾರಿಗೂ ವಯಸ್ಸಾಗಿತ್ತು. ರಿಪೇರಿ ಮಾಡಿಸೋಣ, ಮಾರೋಣ ಎಂದು ಮನೆಯಲ್ಲಿ ಮತ್ತೆ ಅದೇ ಪಂಚಾಯಿತಿ ನಡೆಯಿತು. ಈ ಸಲ ತಡೆಯುವವರು ಯಾರೂ ಇರಲಿಲ್ಲ. ಆಯಿ ಇಲ್ಲ, ಅಪ್ಪ ಇಲ್ಲ. ಹೊಸದು ಬಂತು. ಸಪ್ಪಳವೇ ಇಲ್ಲ ನೋಡ್ರಿ ಮೇಡಂ ಎಂದು ಮಾರುವವನು ಬಹಳ ಹೆಮ್ಮೆಯಿಂದ ಹೇಳಿದ.

ಹೋದ ಪಂಚಮಿಗೆ ಮಗಳನ್ನು ಕರೆದುಕೊಂಡು ಅದರಲ್ಲೇ ಕೊಡಂಬಲಕ್ಕೆ ಹೋಗಿದ್ದೆ. ಎಲ್ಲೂ ನಿಲ್ಲದೆ, ಬಹಳ ಬೇಗ ಮುಟ್ಟಿದೆವು. ಸೇತುವೆ ದಾಟುವಾಗ ಗಾಜು ಇಳಿಸಿದೆ, ಕಾರಿನ ಸಪ್ಪಳ ನನಗೇ ಕೇಳಲಿಲ್ಲ. ಮುತ್ಯಾನ ಮನೆಯ ಮುಂದೆ ಬೇವಿನ ಮರ ಇರಲಿಲ್ಲ, ಅಲ್ಲೊಂದು ಕೋಣೆ ಎದ್ದಿತ್ತು. ಬಾಗಿಲು ಹಾಕಿತ್ತು. ಬಡಿದೆ. ಒಳಗಿನಿಂದ ಒಂದು ದನಿ, ಯಾರು ಎಂದು ಕೇಳಿತು.