ಗುರುಲಿಂಗನ ಹೆಸರು ಕಲ್ಲಿಗೇರಿತು

ಔರಾದ ಶಹಾಜನಿಯ ಬಜಾರಿನಲ್ಲಿ ಸುಮಂಗಲಾಬಾಯಿಯದು ಕಿರಾಣಿ ಅಂಗಡಿ. ಎಪ್ಪತ್ತು ತುಂಬಿದರೂ ತೊಗರಿಬೇಳೆಯ ಚೀಲ ತಾನೇ ಎಳೆದು ಬಿಚ್ಚುವವಳು. ಗಿರಾಕಿಗಳ ಜೊತೆ ಮರಾಠಿ, ಮನೆಯವರ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಆಕೆಯ ಅಣ್ಣ ಗುರುಲಿಂಗ ಸೈನ್ಯದ ಇಂಜಿನಿಯರ್ ದಳದಲ್ಲಿ ಸ್ಯಾಪರ್, ಅಂದರೆ ಆ ದಳದ ಸಿಪಾಯಿ, ಆಗಿದ್ದ. ಸೇತುವೆ ಕಟ್ಟುವುದು, ಶತ್ರು ಹುಗಿದಿಟ್ಟ ನೆಲಬಾಂಬು ತೆಗೆದು ದಾರಿ ಮಾಡಿಕೊಡುವುದು ಆ ದಳದ ಕೆಲಸ. ೧೯೭೧ರ ಯುದ್ಧಕ್ಕೆ ಹೋಗಿ ಅವನು ತೀರಿಕೊಂಡಾಗ ಆಕೆಗೆ ಹದಿನಾರು.

ಈ ಭಾಗದಿಂದ ಹೋಗಿ ಮಡಿದ ಇಂಜಿನಿಯರ್ ಯೋಧರಿಗೆ ಉದಗೀರದಲ್ಲಿ ಸ್ಮಾರಕ ಎಬ್ಬಿಸುತ್ತಾರೆಂದು ಹೋದ ವರ್ಷ ಪೇಪರಿನಲ್ಲಿ ಬಂತು. ಪಟ್ಟಿಯಲ್ಲಿ ಐದು ಹೆಸರು. ಗುರುಲಿಂಗನದಿಲ್ಲ. ಆಕೆ ಅಂಗಡಿಗೆ ಬೀಗ ಜಡಿದು ಬಸ್ಸು ಹತ್ತಿದಳು.

ಸ್ಮಾರಕ ಸಮಿತಿಯ ಅಧ್ಯಕ್ಷ ವಿಶ್ವನಾಥಪ್ಪ ನಿವೃತ್ತ ಹೆಡ್‌ಮಾಸ್ತರರು. ಕೆಟ್ಟವರೇನಲ್ಲ, ಆದರೆ ಕಾಗದ ಬಿಟ್ಟು ಕದಲುವವರಲ್ಲ.

"ಬಾಯಾರ, ನಿಮ್ಮ ಅಣ್ಣ ತೀರ್ಕೊಂಡಿದ್ದು ಡಿಸೆಂಬರ್ ಇಪ್ಪತ್ತಕ್ಕ. ಲಡಾಯಿ ಹದಿನೇಳಕ್ಕೇ ಮುಗದದ. ಯುದ್ಧದಾಗ ಮಡಿದವರು ಅಂತ ಬರಸಾಕತ್ತೀವಿ. ಹ್ಯಾಂಗ ಸೇರಸ್ಲಿ?"

"ನಿಮ್ಮ ಕ್ಯಾಲೆಂಡರದಾಗ ಮುಗದಿತ್ರೀ, ಸರ್. ನೆಲದಾಗಿನ ಬಾಂಬಿಗಿ ಯಾರು ಹೋಗಿ ಹೇಳಿದ್ರು?"

ಮಾಸ್ತರರು ತಲೆ ಕೆರೆದುಕೊಂಡರು. ಕಣ್ಣಾರೆ ಕಂಡವರಿದ್ದರೆ ಕರಕೊಂಡು ಬನ್ನಿ ಎಂದರು.

ಅಣ್ಣನ ಹಳೆಯ ಪತ್ರವೊಂದರಲ್ಲಿ ಗುಂಜೋಟಿಯ ರೇವಣಪ್ಪ ಎಂಬ ಜೊತೆಗಾರನ ಹೆಸರಿತ್ತು. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಆದರೂ ನಿಲಂಗಾ ದಾಟಿ, ಉಮರ್ಗಾದಲ್ಲಿ ಬಸ್ಸು ಬದಲಿಸಿ ಆಕೆ ಹೋದಳು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಮುದುಕ ಆಕೆಯ ಮುಖ ನೋಡಿದ್ದೇ ಮೊರ ಕೆಳಗಿಟ್ಟು ಎದ್ದ.

"ಗುರ್ಯಾನ ತಂಗಿ ಏನವಾ ನೀ? ಅವಂದೇ ಮೂಗು!"

ಮುಂದಿನ ವಾರ ರೇವಣಪ್ಪ ಸಮಿತಿಯ ಎದುರು ನಿಂತ.

"ಗಡಿ ಹತ್ರ ಒಂದು ಹಳ್ಳಿರೀ. ಓಡಿಹೋಗಿದ್ದ ಮಂದಿ ಹೊಳ್ಳಿ ಬರಾಕತ್ತಿದ್ರು, ಹೊಲದ ತುಂಬ ಬಾಂಬು. ಗುರ್ಯಾ ಮುಂದ, ನಾ ಹಿಂದ. ಮೂವತ್ತೊಂದು ತಗದಾ. ಮತ್ತೊಂದು ಕೈಯಾಗೇ ಸಿಡೀತು. ಅಂವಾ ಮಾಡಿಟ್ಟ ದಾರಿ ಮ್ಯಾಲೇ ನನ್ನ ಹೊತ್ಕೊಂಡು ಬಂದ್ರು. ಅದೇ ದಾರಿ ಹಿಡದು ಆ ಹಳ್ಳಿಯವ್ರು ಮನಿ ಮುಟ್ಟಿದ್ರು." ಅಂಗಿ ತೋಳು ಏರಿಸಿ ಭುಜದವರೆಗಿನ ಕಲೆ ತೋರಿಸಿದ. "ಇದು ಲಡಾಯಿ ಅಲ್ಲಂದ್ರ ಯಾವದ್ರೀ ಲಡಾಯಿ?"

ಕಲ್ಲಿನ ಮೇಲಿನ 'ಯುದ್ಧದಲ್ಲಿ ಮಡಿದವರು' ಎಂಬ ಸಾಲು ಸ್ವಲ್ಪ ಬದಲಿಸೋಣವೇ ಎಂದು ಒಬ್ಬರು ಮೆಲ್ಲಗೆ ಕೇಳಿದರು. "ಬ್ಯಾಡ," ಎಂದರು ವಿಶ್ವನಾಥಪ್ಪ. "ಯುದ್ಧದಾಗ ಅಂತನೇ ಇರ್ಲಿ." ತಮ್ಮ ದುಂಡು ಅಕ್ಷರದಲ್ಲಿ ಆರನೆಯ ಹೆಸರು ತಾವೇ ಬರೆದರು.

ಈ ಡಿಸೆಂಬರಿನಲ್ಲಿ ಸ್ಮಾರಕದ ಪರದೆ ಸರಿಸಿದ್ದು ಸುಮಂಗಲಾಬಾಯಿ. ಅಳುತ್ತಾಳೆಂದು ಹೆಂಗಸರು ಹತ್ತಿರ ಬಂದು ನಿಂತಿದ್ದರು. ಆಕೆ ಅಳಲಿಲ್ಲ. ಕೆತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿ, ಮಾಸ್ತರರ ಕಡೆ ತಿರುಗಿ ನಕ್ಕಳು.

ಆಗ ರೇವಣಪ್ಪ ಎದೆಯ ಮೇಲಿನ ಪದಕ ಸರಿಮಾಡಿಕೊಂಡು, ಪರೇಡಿನಲ್ಲಿ ಕೂಗುವ ಹಾಗೆ ಹೆಸರು ಕೂಗತೊಡಗಿದ. ಒಂದೊಂದು ಹೆಸರಿಗೂ ಆ ಮನೆಯವರು "ಹಾಜರ್!" ಎಂದರು.

"ಸ್ಯಾಪರ್ ಗುರುಲಿಂಗ!"

"ಹಾಜರ್!"

ಸುಮಂಗಲಾಬಾಯಿಯ ದನಿಗೆ ಮೈಕು ಬೇಕಾಗಲಿಲ್ಲ.