ಕಾರಿನ ಗಾಜು ಇಳಿಯುವ ಬಗೆ

ಇವತ್ತು ಬೆಳಿಗ್ಗೆ ಬೆಟಗೇರಿಯ ಗ್ಯಾರೇಜಿನಲ್ಲಿ ನನ್ನ ಕಾರಿನ ಬಾಗಿಲನ್ನು ಬಿಚ್ಚಿಟ್ಟಿದ್ದರು. ಗಾಜು ಅರ್ಧಕ್ಕೇ ನಿಂತು ಹಟ ಹಿಡಿದಿತ್ತು. ಮಿಸ್ತ್ರಿ ಗುಂಡಿ ಒತ್ತಿದ, ಜುಂಯ್ ಎಂದಿತು. ನೀವು ದಿನಾ ಕೇಳುವ ಸದ್ದೇ. ನಾನು ಮಾತ್ರ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಯಂತ್ರಕ್ಕೂ ನನಗೂ ಎಣ್ಣೆ ಸೀಗೇಕಾಯಿ. ಮಿಕ್ಸರ್ ಜಾರು ಕೂರಿಸಲೂ ಹೆಂಡತಿಯನ್ನು ಕರೆಯುವವನು ನಾನು. ಆದರೂ ಇವತ್ತು ಬಾಗಿಲಿನೊಳಗೆ ಬಗ್ಗಿ ನೋಡಿದೆ. ಅಂಗೈಯಗಲದ ಮೋಟಾರು, ಅದರ ತುದಿಗೊಂದು ತಿರುಪು, ಆ ತಿರುಪಿನಿಂದ ತಿರುಗುವ ಹಲ್ಲಿನ ಗಾಲಿ, ಗಾಲಿ ಸುತ್ತಿದಂತೆ ತಂತಿಯೆಳೆದು ಗಾಜು ಏರುತ್ತದೆ, ಇಳಿಯುತ್ತದೆ. ತಿರುಪು ಗಾಲಿಯನ್ನು ತಿರುಗಿಸಬಲ್ಲದು, ಗಾಲಿ ತಿರುಪನ್ನು ತಿರುಗಿಸಲಾರದು. ಅಂದರೆ ಮೋಟಾರು ನಿಂತ ಮೇಲೆ ನಾಲ್ಕು ಜನ ಜೋತುಬಿದ್ದರೂ ಗಾಜು ಕೆಳಗೆ ಬರುವುದಿಲ್ಲ; ಚಾವಿ ಹಾಕಿ ಗುಂಡಿ ಒತ್ತಿದರಷ್ಟೇ ಬರುತ್ತದೆ.

"ಹೊಸಾ ಗಾಡ್ಯಾಗ ಏನರ ಅಡ್ಡ ಬಂದ್ರ ತಾನ ಇಳೀತೈತ್ರಿ" ಎಂದ ಮಿಸ್ತ್ರಿ. ನನ್ನ ಸೋದರಮಾವನ ಗಾಡಿ ಹಳೆಯದಾಗಿತ್ತು.

ಮಾವ ಲಕ್ಷ್ಮೇಶ್ವರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಯವರ ಮನೆಯಲ್ಲಿ ಒಂದೇ ವೇದ: ಏನೇ ಸಿಕ್ಕಿಕೊಳ್ಳಲಿ, ಮೊದಲು ಬಂದ್ ಮಾಡು, ಆಮೇಲೆ ಬಿಡಿಸು. ಒಮ್ಮೆ ಅತ್ತೆಯ ಸೆರಗು ಬೆಲ್ಟಿಗೆ ಸಿಕ್ಕಾಗ ಮಾವ ಹಾರಿ ಸ್ವಿಚ್ ಆರಿಸಿದ್ದ, ಅತ್ತೆ ಉಳಿದಳು. ಜೋಳ ಬೀಸಿಸಲು ಬಂದವರಿಗೆಲ್ಲ ಅದನ್ನು ಹೇಳಿದ್ದೇ ಹೇಳಿದ್ದು, ನಮಗೆಲ್ಲ ಬಾಯಿಪಾಠವಾಗಿತ್ತು.

ಕೆಲವು ವರ್ಷಗಳ ಹಿಂದೆ ಒಂದು ದಿನ ಮಾವನ ಆ ಹಳೇ ಗಾಡಿಯಲ್ಲಿ ಮುಂಡರಗಿ ದಾಟಿ ಹೊಳೆಯ ಸೇತುವೆಗೆ ಬಂದಾಗ ಮಾವ ಗಾಡಿ ನಿಲ್ಲಿಸಿದ. ಇಂಜಿನ್ ಓಡುತ್ತಲೇ ಇತ್ತು. ಗಂಗವ್ವನಿಗೆ ಕಾಸು ಹಾಕದೆ ನಮ್ಮವರು ಹೊಳೆ ದಾಟುವುದಿಲ್ಲ. ನಾನು ಮುಂದೆ ಕೂತಿದ್ದೆ. ಹಿಂದೆ ಅತ್ತೆ, ಅವಳ ಪಕ್ಕದಲ್ಲಿ ಮಾವನ ಮೊಮ್ಮಗಳು ನೀಲಾ. "ನಾ ಒಗಿತೀನಿ ಅಜ್ಜಾ, ನಾ ಒಗಿತೀನಿ" ಎನ್ನುತ್ತ ಕಾಸು ಹಿಡಿದು ಕೂಸು ಬಾಗಿಲಿನ ಕೈಯಾಸರೆಯ ಮೇಲೆ ಮಂಡಿಯೂರಿ ಕುತ್ತಿಗೆ ಹೊರಗೆ ಚಾಚಿತು. ಗುಂಡಿ ಇದ್ದದ್ದು ಆ ಮಂಡಿಯ ಕೆಳಗೇ. ಗಾಜು ಏರಿತು.

"ಬಂದ್ ಮಾಡ್ರೀ, ಮೊದಲ ಬಂದ್ ಮಾಡ್ರಿ!" ಎಂದು ಅತ್ತೆ ಚೀರಿದಳು. ಮಾವ ಚಾವಿ ತಿರುವಿ ಕಿತ್ತುಕೊಂಡು ಕೆಳಗೆ ಹಾರಿದ. ಗಾಜು ಕೂಸಿನ ಕುತ್ತಿಗೆ ಒತ್ತಿಕೊಂಡು ಎಲ್ಲಿತ್ತೋ ಅಲ್ಲೇ ನಿಂತಿತು. ಎಲ್ಲರೂ ಕೈಹಾಕಿ ಜಗ್ಗಿದೆವು. ಬೆರಳು ಹರಿದು ರಕ್ತ ಬಂತು, ಹಾಳಾದ ಗಾಜು ಜಪ್ಪಯ್ಯ ಅನ್ನಲಿಲ್ಲ. ಚಾವಿ ಮಾವನ ಮುಷ್ಟಿಯಲ್ಲೇ ಇತ್ತು. ಅದನ್ನು ತಿರುಗಿ ಹಾಕಿ ಗುಂಡಿ ಒತ್ತಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಲಾರಿಯವನೊಬ್ಬ ಕಲ್ಲು ತಂದು ಗಾಜು ಒಡೆದ. ಅಷ್ಟರಲ್ಲಿ ಕೂಸಿನ ಜೀವ ಹೋಗಿತ್ತು.

ಮಾವ ಗಿರಣಿ ಮುಚ್ಚಿದ. ಊಟ, ನಿದ್ದೆ ಎಲ್ಲ ಹೇಗೋ ನಡೆದಿದೆ, ಆದರೆ ನಾನು ಹೋದಾಗಲೆಲ್ಲ ಒಂದೇ ಮಾತು ಕೇಳುತ್ತಾನೆ. "ನನಗೇನ್ ಗೊತ್ತು ಮಾವಾ" ಎಂದು ಜಾರಿಕೊಳ್ಳುತ್ತಿದ್ದೆ. ಅದು ಖರೆಯೂ ಆಗಿತ್ತು. ಇವತ್ತಿನಿಂದ ಆ ದಾರಿಯೂ ಮುಚ್ಚಿತು ನೋಡಿ.

ಗ್ಯಾರೇಜಿನಿಂದ ನೇರ ಲಕ್ಷ್ಮೇಶ್ವರಕ್ಕೆ ಹೋದೆ. ಮಾವ ಕಟ್ಟೆಯ ಮೇಲೆ ಕೂತಿದ್ದ. ಚಹಾ ಬರುವ ಮೊದಲೇ ಕೇಳಿದ: "ಏನಲೇ, ಅವತ್ತ ನಾ ಚಾವಿ ಕೀಳದ ಗುಂಡಿ ಒತ್ತಿದ್ರ ಗಾಜ ಇಳೀತಿತ್ತೇನ?"

"ಇಲ್ಲ ಮಾವಾ. ಹಳೀ ಗಾಡ್ಯಾಗ ಇಳೀತಿದ್ದಿಲ್ಲ. ಮಿಸ್ತ್ರಿನ ಕೇಳೇನಿ."

ಜೀವಮಾನವೆಲ್ಲ ಮೋಟಾರಿನ ಜೊತೆ ಬಾಳಿದ ಮನುಷ್ಯ. ನನ್ನ ಕಡೆ ತಿರುಗಿ ಕೂತ.

"ಇನ್ನೊಮ್ಮಿ ಹೇಳು" ಎಂದ.