ಗುರುಲಿಂಗವ್ವ ಆರಿಸಿದ ನಾಯಿಮರಿ

ಹುನಗುಂದದ ದನದ ಸಂತೆಯಲ್ಲಿ ಹೆಣ್ಣುಮಗಳೊಬ್ಬಳು ನಿಂತು ಎಮ್ಮೆ ವ್ಯಾಪಾರ ಮಾಡುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಗುರುಲಿಂಗವ್ವ ಮಾಡುತ್ತಿದ್ದಳು. ಗಂಡ ತೀರಿಕೊಂಡಾಗ ಮೈದುನರು ಬಂದು, "ಮನ್ಯಾಗ ಕುಂಡ್ರು ವೈನಿ, ವರ್ಷಕ್ಕ ನಾಕ ಚೀಲ ಜ್ವಾಳ ಹಾಕ್ತೇವಿ" ಅಂದರು. "ನಿಮ್ಮ ಜ್ವಾಳ ನೀವ ಉಣ್ರಿ" ಅಂದವಳೇ ಸೆರಗು ಸೊಂಟಕ್ಕೆ ಸಿಗಿಸಿ ಸಂತೆಗೆ ನಡೆದಳು. ಅಲ್ಲಿ ಗಂಡಸರು ವಸ್ತ್ರದ ಒಳಗೆ ಬೆರಳು ಹಿಡಿದು ರೇಟು ಮಾತಾಡುವವರು. ಈಕೆ ಕೈ ಕೊಡಲಿಲ್ಲ. "ಬಾಯಿಲೆ ಹೇಳ್ರಿ, ನಾಕ ಮಂದಿ ಕೇಳಲಿ" ಅಂದಳು. ಒಂದೆರಡು ವರ್ಷ ನಕ್ಕರು, ಆಮೇಲೆ ರೂಢಿಯಾಯಿತು.

ಆ ಸಂತೆಗೆ ಒಂದು ಪದ್ಧತಿ ಇತ್ತು. ಎಮ್ಮೆ ಕೊಂಡವನು ಮನೆಗೆ ಹೊಡೆದುಕೊಂಡು ಹೋಗಿ ಎರಡು ಹೊತ್ತು ಹಿಂಡಿ ನೋಡಬೇಕು. ಒದ್ದರೆ, ಹಾಲು ಬಿಡದಿದ್ದರೆ, ವ್ಯಾಪಾರ ಮುರಿಯಿತು. ಬೇರೆ ಮಾರುವವರು ಈ ಮಾತಿಗೆ ಒಮ್ಮೊಮ್ಮೆ ತಪ್ಪುತ್ತಿದ್ದರು. ಗುರುಲಿಂಗವ್ವ ತಪ್ಪಲಿಲ್ಲ. ಕೊಂಡವನ ಮನೆಗೆ ತಾನೇ ಹೋಗಿ, "ಹೆಂಗ ಐತೋ ಯಪ್ಪಾ, ಒದ್ದೀತೇನು?" ಅಂತ ಕೇಳಿ ಬರುತ್ತಿದ್ದಳು.

ಇದ್ದೊಬ್ಬ ಮಗಳು ಸಾವಿತ್ರೆವ್ವ. ಇಳಕಲ್ಲಿನ ಮಗ್ಗದ ಮನೆಗೆ ಕೊಟ್ಟಿದ್ದಳು. ಎಂಬತ್ಮೂರನೇ ಇಸವಿಯ ಸುಮಾರಿಗೆ ಆಕೆಗೆ ಚೊಚ್ಚಲ ಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಯಿತು. ಬಾಣಂತಿ ತವರಿಗೆ ಬಂದವಳು ಗೋಡೆಗೆ ಒರಗಿ ಕೂತಳು. ಉಣ್ಣು ಅಂದರೆ ಉಣ್ಣುವಳು, ಮಲಗು ಅಂದರೆ ಮಲಗುವಳು, ತಾನಾಗಿ ಒಂದು ಮಾತಿಲ್ಲ. ಓಣಿಯ ಹೆಂಗಸರು ಬಂದು, "ಮತ್ತೊಂದ ಆಕ್ಕೈತಿ ಬಿಡ ತಂಗಿ" ಅಂದು ಚಹಾ ಕುಡಿದು ಹೋಗುತ್ತಿದ್ದರು.

ಒಂದು ದಿನ ಎಮ್ಮೆಗಳಿಗೆ ಹಾಕುವ ಹಿಂಡಿಯ ಚೀಲ ತರಲು ಬಾಗಲಕೋಟೆಗೆ ಹೊರಟ ಗುರುಲಿಂಗವ್ವ ಮಗಳನ್ನೂ ಬಸ್ಸಿಗೆ ಹತ್ತಿಸಿಕೊಂಡಳು. ಪೇಟೆಯಲ್ಲಿ ಹೊಸದಾಗಿ ಒಂದು ಅಂಗಡಿ ತೆರೆದಿತ್ತು. ಗಿಳಿ, ಮೊಲ, ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು, ತಂತಿ ಪಂಜರದಲ್ಲಿ ಬಿಳಿ ತುಪ್ಪಳದ ನಾಯಿಮರಿ. ಸಾವಿತ್ರೆವ್ವ ಅಲ್ಲಿ ನಿಂತುಬಿಟ್ಟಳು.

"ಯವ್ವಾ, ಇಲ್ಲಿ ನೋಡ" ಅಂದಳು.

ಯಾರೂ ಕೇಳದೆ ಮಗಳು ಆಡಿದ ಮೊದಲ ಮಾತು. ಗುರುಲಿಂಗವ್ವ ಹಿಂಡಿ ಮರೆತಳು.

ಸಫಾರಿ ತೊಟ್ಟ ಅಂಗಡಿಯವ ಎದ್ದು ಬಂದ. "ಪಾಮೇರಿಯನ್ ನಾಯಿ ಅವ್ವಾರ. ದೊಡ್ಡ ದೊಡ್ಡ ಸಾಹೇಬ್ರ ಬಂಗ್ಲೆದಾಗ ಇರೋ ಜಾತಿ."

ಪಂಜರದಲ್ಲಿ ಮೂರು ಮರಿ. ಎರಡು ಒಂದರ ಮೇಲೊಂದು ಬಿದ್ದು ಕುಂಯ್‌ಗುಡುತ್ತಿದ್ದವು. ಒಂದು ಮೂಲೆಯಲ್ಲಿ ಸುಮ್ಮನೆ ಕೂತಿತ್ತು, ಹೊಟ್ಟೆ ಗುಂಡಗೆ ಮಡಕೆಯ ಹಾಗೆ. ಗುರುಲಿಂಗವ್ವ ಅದನ್ನೇ ಎತ್ತಿದಳು. ತುಟಿ ಎತ್ತಿ ಹಲ್ಲು ನೋಡಿದಳು, ಹೊಟ್ಟೆಗೆ ಬೆರಳಿಂದ ಬಡಿದಳು. ಕರು ಆರಿಸುವಾಗ ಆಕೆ ನೋಡುತ್ತಿದ್ದುದೇ ಇದು: ಹೊಟ್ಟೆ ತುಂಬಿರಬೇಕು, ಸ್ವಭಾವ ಗರೀಬ, ಅಂದರೆ ಸಾಧು ಇರಬೇಕು.

"ಚಲೋ ಉಣ್ತೈತಿ. ಗರೀಬನೂ ಐತಿ. ಇದ ಕೊಡು."

"ನಿಮ್ಮ ಕಣ್ಣಂದ್ರ ಕಣ್ಣು ಬಿಡ್ರಿ ಅವ್ವಾರ" ಅಂದು ಅಂಗಡಿಯವ ನಕ್ಕ.

ಮನೆಗೆ ಬಂದ ಮೇಲೆ ಸಾವಿತ್ರೆವ್ವ ಅರಳೆಯ ಬತ್ತಿ ಹೊಸೆದು, ಹಾಲಿನಲ್ಲಿ ಅದ್ದಿ ಮರಿಯ ಬಾಯಿಗೆ ಹಿಡಿದಳು. ಹಳೆಯ ಸೀರೆ ಹರಿದು ಹಾಸಿದಳು. ಅದರ ಜೊತೆ ಏನೇನೋ ಮಾತಾಡಿದಳು. ಮರಿ ಮಾತ್ರ ಕುಡಿದದ್ದನ್ನೆಲ್ಲ ಕಾರಿತು. ಮರುದಿನ ನೆತ್ತರು ಬಂತು. ಎದೆಗವಚಿಕೊಂಡು ತಾಯಿ ಮಗಳು ದನದ ದವಾಖಾನೆಗೆ ಓಡಿದರು.

ಡಾಕ್ಟರು ಅನಂತರಾಯರು ಹೊಟ್ಟೆ ಒತ್ತಿ ನೋಡಿ ತಲೆ ಅಲ್ಲಾಡಿಸಿದರು. "ಇದು ಉಂಡ ಹೊಟ್ಟಿ ಅಲ್ಲ ಗುರುಲಿಂಗವ್ವ. ಹೊಟ್ಟಿ ತುಂಬ ಜಂತು. ಮ್ಯಾಲೆ ಇದು ಇನ್ನೂ ತಾಯಿ ಮೊಲಿ ಬಿಡೋ ವಯಸ್ಸಿನದಲ್ಲ. ಯಾರು ಕಿತ್ತು ತಂದ್ರು ಇದನ್ನ?"

"ಗರೀಬ ಕಾಣ್ತು, ಅದಕ್ಕ ತಂದೆ ಸಾಹೇಬ್ರ."

"ಗರೀಬಲ್ಲವ್ವ. ಕೂಗಾಕ ಜೀವದಾಗ ತ್ರಾಣ ಇದ್ದಿದ್ದಿಲ್ಲ."

ಔಷಧ ಹಾಕಿದರು. ಇಳಿಹೊತ್ತಿಗೆ ಮರಿ ಸಾವಿತ್ರೆವ್ವನ ಮಡಿಲಲ್ಲೇ ತಣ್ಣಗಾಯಿತು. ಆಕೆ ಅಳಲಿಲ್ಲ. ಬಟ್ಟೆಯಲ್ಲಿ ಸುತ್ತುವಾಗ ಯಾರಿಗೂ ಮುಟ್ಟಗೊಡಲಿಲ್ಲ. ತಿರುಗಿ ಹೋಗಿ ಅದೇ ಗೋಡೆಗೆ ಒರಗಿದಳು.

ಗುರುಲಿಂಗವ್ವನಿಗೆ ಅಂಗಡಿಯವನ ಆ ನಗೆ ನೆನಪಾಯಿತು. ಮೈ ಉರಿದುಹೋಯಿತು. ಗೊತ್ತಿತ್ತು ಅವನಿಗೆ! ಮುಂಜಾನೆ ಮೊದಲ ಬಸ್ಸಿಗೆ ಹೊರಟಳು. "ನಾನೂ ಬರ್ತೇನಿ" ಅಂತ ಮಗಳೂ ಎದ್ದಳು.

"ಏ ತಮ್ಮಾ, ನೀ ಕೊಟ್ಟ ಮರಿ ಸತ್ತಿತು" ಅಂದಳು ಗುರುಲಿಂಗವ್ವ, ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು.

"ರೊಟ್ಟಿ ಮುರಿದು ಹಾಕಿರ್ಬೇಕ್ ನೋಡ್ರಿ. ಹಳ್ಳಿ ಮಂದಿಗೆ ಇಂಥ ಜಾತಿ ನಾಯಿ ಸಾಕಾಕ ಬರಂಗಿಲ್ಲ."

"ಹೊಟ್ಟಿ ತುಂಬ ಜಂತು ಇದ್ದೂವಂತ. ಅವೂ ನಾವ ಹಾಕಿದ್ವೇನು?"

"ಆರಿಸಿದಾಕಿ ನೀವ ಅಲ್ರಿ? ಹಲ್ಲು ನೋಡಿದ್ರಿ, ಹೊಟ್ಟಿ ಬಡದು ನೋಡಿದ್ರಿ. ಇದನ್ನ ಒಯ್ಯಿರಿ ಅಂತ ನಾ ಅಂದೆನೇನು?"

ಮಾತು ಖರೆ ಇತ್ತು. ಅದಕ್ಕೇ ಆಕೆಗೆ ಇನ್ನಷ್ಟು ಸಿಟ್ಟು ಬಂತು. "ಹೌದೋ, ನಾನ ಆರಿಸಿದೆ. ನನಗ ಎಮ್ಮಿ ಗೊತ್ತು, ನಾಯಿ ಗೊತ್ತಿಲ್ಲ. ನಿನಗ ಗೊತ್ತಿತ್ತಲ್ಲ? ಗೊತ್ತಿದ್ದೂ ಹಲ್ಲು ಕಿಸದಿ! ನಮ್ಮ ಸಂತ್ಯಾಗ ತಿಳೀಲಾರದವ ಬಂದ್ರ, ಈ ಎಮ್ಮಿ ಒದಿತೈತಿ ಅಂತ ಮಾರಾವನ ಹೇಳ್ತಾನ. ಎರಡ ಹೊತ್ತು ಹಿಂಡಿ ನೋಡಂತಾನ."

"ಇಲ್ಲೇನ್ ಹಿಂಡ್ತೀರಿ ಅವ್ವಾರ, ನಾಯಿ ಹಾಲೇನು?"

ಸುತ್ತ ನೆರೆದ ನಾಲ್ಕು ಮಂದಿ ಗೊಳ್ಳೆಂದು ನಕ್ಕರು. ಅಂಗಡಿಯವನಿಗೆ ಹುರುಪು ಬಂತು. ಪಂಜರಕ್ಕೆ ಕೈ ಹಾಕಿ, ಬದನೆಕಾಯಿ ತೊಟ್ಟು ಹಿಡಿದ ಹಾಗೆ ಒಂದು ಮರಿಯ ಕತ್ತು ಹಿಡಿದೆತ್ತಿದ. "ಹೋಗ್ಲಿ, ಇದನ್ನ ಒಯ್ಯಿರಿ. ಇದು ಗಟ್ಟಿ ಐತಿ."

"ಇದರ ತಾಯಿ ಎಲ್ಲೈತಿ?"

ಕೇಳಿದವಳು ಸಾವಿತ್ರೆವ್ವ.

"ಯಾರಿಗ್ಗೊತ್ತವ್ವ! ಲಾರಿ ಮ್ಯಾಲೆ ಬುಟ್ಟಿ ಬರ್ತೈತಿ, ಇಳಿಸ್ಕೋತೇನಿ. ಬರೂದ್ರಾಗ ನಾಕೈದು ಸತ್ತಿರ್ತಾವು, ಅದೂ ನನ್ನ ಲುಕ್ಸಾನ."

"ನಿನ್ನ ಲುಕ್ಸಾನ!" ಸಾವಿತ್ರೆವ್ವನ ದನಿ ಪೇಟೆಯ ಆ ತುದಿಗೆ ಕೇಳಿತು. "ಮರಿ ಕಿತ್ತಕೊಂಡು ಬರ್ತೀರಲ್ಲ, ಮೊಲ್ಯಾಗ ಹಾಲು ಕಟ್ಟಿ ಅದು ಎಲ್ಲಿ ಒದ್ದಾಡಾಕತ್ತೈತಿ ನಿನಗ ಗೊತ್ತೇನೋ? ಮೈ ತುಂಬ ಜ್ವರ ಬರ್ತಾವು. ಅರಿವಿ ತಾಗಿದ್ರ ಜೀವ ಹೋಗ್ತೈತಿ. ನನಗ ಗೊತ್ತೈತಿ!"

ನಕ್ಕವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಗುರುಲಿಂಗವ್ವ ತಿರುಗಿ ಮಗಳ ಮುಖ ನೋಡಿದಳು. ಕರು ಸತ್ತ ಎಮ್ಮೆಯ ಕೆಚ್ಚಲಿಗೆ ಬಿಸಿನೀರಿನ ಶಾಖ ಕೊಟ್ಟ ಕೈ ಆಕೆಯದು. ಊರ ದನಕ್ಕೆಲ್ಲ ಕೊಟ್ಟಿದ್ದಳು. ಮನೆಯಲ್ಲಿ ಗೋಡೆಗೆ ಒರಗಿ ಕೂತ ಮಗಳಿಗೆ, ಎಲ್ಲಿ ನೋಯುತ್ತದೆ ಅಂತ ಒಂದು ಮಾತು ಕೇಳಿರಲಿಲ್ಲ.

ಸಾವಿತ್ರೆವ್ವ ಅವನ ಕೈಯಿಂದ ಮರಿ ಕಸಿದುಕೊಂಡಳು. ಪಂಜರದಲ್ಲಿದ್ದ ಇನ್ನೊಂದನ್ನೂ ಎತ್ತಿ ಸೆರಗಿನಲ್ಲಿ ಹಾಕಿಕೊಂಡಳು.

"ಏ, ಏ! ಕಳವು ಮಾಡ್ತೀಯೇನು? ಪೊಲೀಸರಿಗೆ ಹೇಳ್ತೇನಿ!"

"ಕರಿಯೋ" ಅಂದಳು ಗುರುಲಿಂಗವ್ವ, ಮಗಳ ಮುಂದೆ ಅಡ್ಡ ಬಂದು. "ಬುಟ್ಟಿ ಎಲ್ಲಿಂದ ಬರ್ತೈತಿ, ಎಷ್ಟು ಸಾಯ್ತಾವು, ಎಲ್ಲಾ ಅವರ ಮುಂದ ಹೇಳು. ನಾ ಇಲ್ಲೇ ಕುಂಡ್ರತೇನಿ."

ಪಕ್ಕದ ಬಳೆ ಅಂಗಡಿಯ ಅಹ್ಮದಸಾಬ ಎದ್ದು ಬಂದು, "ಒಯ್ಯಲಿ ಬಿಡಲೇ, ದಿನಾ ಸತ್ತ ಮರಿ ನಮ್ಮ ಗಟಾರಕ್ಕ ಒಗಿತಿ" ಅಂದ. ಅಂಗಡಿಯವ ಪೊಲೀಸರನ್ನು ಕರೆಯಲಿಲ್ಲ.

ಬಸ್ಸಿನಲ್ಲಿ ಮರಿಗಳು ಗುರುಲಿಂಗವ್ವನ ಮಡಿಲಿಗೆ ಬಂದು ಸೀರೆ ತೋಯಿಸಿದವು. ಆಕೆ ಅದನ್ನು ನೋಡಲಿಲ್ಲ. "ಭಾಳ ಬ್ಯಾನಿ ಆಗಿತ್ತೇನ, ಯವ್ವಾ?" ಅಂತ ಕೇಳಿದಳು. ಹುನಗುಂದ ಬರುವ ತನಕ ಸಾವಿತ್ರೆವ್ವ ಹೇಳುತ್ತಲೇ ಇದ್ದಳು, ತಾಯಿ ಕೇಳುತ್ತಲೇ ಇದ್ದಳು.

ಎರಡರಲ್ಲಿ ಒಂದು ಉಳಿಯಿತು, ಒಂದು ಉಳಿಯಲಿಲ್ಲ. ಅಂಗಡಿಯೂ ಮುಚ್ಚಲಿಲ್ಲ, ಲಾರಿಯ ಮೇಲೆ ಬುಟ್ಟಿ ಬರುತ್ತಲೇ ಇತ್ತು. ಗುರುಲಿಂಗವ್ವನ ಸಿಟ್ಟೂ ಇಳಿಯಲಿಲ್ಲ. ಬಾಗಲಕೋಟೆಗೆ ಹೋದಾಗೆಲ್ಲ ಆ ಅಂಗಡಿಯ ಎದುರಿನ ಕಟ್ಟೆಯ ಮೇಲೆಯೇ ಬುತ್ತಿ ಬಿಚ್ಚುತ್ತಿದ್ದಳು. ಯಾರಾದರೂ ಮಕ್ಕಳ ಕೈ ಹಿಡಿದು ಒಳಗೆ ಹೊರಟರೆ, ತುತ್ತು ಬಾಯಲ್ಲಿರುವಾಗಲೇ ಕೂಗುತ್ತಿದ್ದಳು: "ತಮ್ಮಾ, ಒಂದೀಟ ನಿಲ್ಲು."